ಉಪ್ಪಿನ ಮೂಟೆಯ ಫೋಟೋ

ಮಕ್ಕಳನ್ನು ನಗಿಸಿ ಫೋಟೋ ತೆಗೆಯೋದರಲ್ಲಿ ನಮ್ಮ ಹೋಬಳಿಗೆಲ್ಲ ನಾನೊಬ್ಬನೇ ಗಂಡು.

ಒಂದು ದಿನ ನಿವೃತ್ತ ಹೆಡ್‌ಮಾಸ್ಟರ್ ಚನ್ನವೀರಯ್ಯನವರು ನಾಲ್ಕು ವರ್ಷದ ಮೊಮ್ಮಗಳನ್ನು ನನ್ನ ಸ್ಟುಡಿಯೋಗೆ ಕರೆತಂದರು. ಗಡಿ ಕಾಯುತ್ತಿದ್ದ ಮಗ ಅವಳನ್ನು ನೋಡಿ ವರ್ಷವಾಗಿತ್ತು. ನಗುವ ಫೋಟೋ ಒಂದು ಬೇಕೇ ಬೇಕು ಅಂದಿದ್ದನಂತೆ.

“ಐದು ನಿಮಿಷದಲ್ಲಿ ಮಗು ನಗಬೇಕು. ಕೋತಿಯಾಟ ಆಡಕೂಡದು,” ಅಂದರು ಮೇಷ್ಟ್ರು. ಆಮೇಲೆ ಮಗುವಿನ ಕಡೆ ತಿರುಗಿ, “ನಗು!” ಅಂತ ಗದರಿದರು. ಅದರ ತುಟಿ ನಡುಗಿತು.

“ಅಪ್ಪ ನಿನ್ನ ಜೊತೆ ಏನಾಟ ಆಡ್ತಿದ್ರು ಪುಟ್ಟೀ?” ಅಂತ ಮೆಲ್ಲಗೆ ಕೇಳಿದೆ.

“ಉಪ್ಪಿನ ಮೂಟೆ.”

“ಮೇಷ್ಟ್ರೇ, ಸ್ಟೂಲು ತಗ್ಗಾಯ್ತು, ಮುಖಕ್ಕೆ ಬೆಳಕು ಬೀಳ್ತಿಲ್ಲ. ಬೆನ್ನ ಮೇಲೆ ಹೊತ್ಕೊಳ್ಳಿ.”

ಹೊತ್ತುಕೊಂಡರು. “ಉಪ್ಪು ಬೇಕೇನಮ್ಮೋ ಉಪ್ಪೂ!” ಅಂತ ನಾನು ಕೂಗಿದೆ. ಮಗು ಕಿಲಕಿಲ ನಕ್ಕಿತು. ಕ್ಲಿಕ್!

“ಏನಯ್ಯಾ, ನನ್ನನ್ನೇ ಉಪ್ಪು ಮಾರೋನು ಮಾಡಿದೆಯಾ?” ಮೇಷ್ಟ್ರು ಕೆಂಪಾದರು.

“ತಾತಾ, ಇನ್ನೊಂದು ಬೀದಿ!” ಅಂತು ಬೆನ್ನ ಮೇಲಿನ ಮೂಟೆ. ಮೇಷ್ಟ್ರು ಸ್ಟುಡಿಯೋ ಒಳಗೇ ಮೂರು ಸುತ್ತು ಹಾಕಿದರು.

ಫೋಟೋ ತಲುಪಿದ ದಿನ ಮೇಷ್ಟ್ರ ಮಗನ ಫೋನು ನನಗೆ ಬಂತು. “ಮಗಳು ಚೆನ್ನಾಗಿ ನಕ್ಕಿದ್ದಾಳೆ ಕಣಯ್ಯಾ, ಕೆಳಗೆ ಅಪ್ಪನ ಹೆಗಲೂ ಚೂರು ಕಾಣ್ತಿದೆ. ಆದ್ರೆ ನಮ್ಮಪ್ಪ ನನ್ನನ್ನ ಒಂದ್ಸಲಾನೂ ಹೊತ್ತೋರಲ್ಲ. ಅವರ ಬೆನ್ನು ಪೂರ್ತಿ ಕಾಣೋ ಹಾಗೆ ಇನ್ನೊಂದು ತೆಗೆದು ಕಳಿಸ್ತೀಯಾ?”