ಓಬಯ್ಯ ಪ್ಲಗ್ ಬದಲಾಯಿಸಿದ್ದು

ಚಳ್ಳಕೆರೆ ದಾರಿಯಲ್ಲೊಂದು ಕಾರು ರಿಪೇರಿ ಗ್ಯಾರೇಜು. ಗ್ಯಾರೇಜಿಗೊಬ್ಬಳು ಒಡತಿ, ತಿಪ್ಪಮ್ಮ. ತಿಪ್ಪಮ್ಮನಿಗೊಬ್ಬ ಮಗ, ಓಬಯ್ಯ. ವಯಸ್ಸು ಮೂವತ್ತು, ರಟ್ಟೆ ಗಟ್ಟಿ, ಬುದ್ಧಿಯ ಮಾತು ಮಾತ್ರ ಎತ್ತಬೇಡಿ. ಹೇಳಿದಷ್ಟೇ ಮಾಡುತ್ತಿದ್ದ, ಹೇಳಿದ ಹಾಗೇ ಮಾಡುತ್ತಿದ್ದ. ಹೆಣ್ಣು ಕೊಡುವವರು ಏಳು ಜನ ಬಂದರು, ಏಳೂ ಜನ ಕಾಫಿ ಕುಡಿದು ಹೋದರು.

ಎಂಟನೆಯವನು ಪಾಲಯ್ಯ. ಮಗಳಿಗೆ ಗಂಡು ನೋಡಲು ತನ್ನ ಹಳೇ ಕಾರಿನಲ್ಲಿ ಬಂದ. ಕಾರು ಕೆಮ್ಮುತ್ತಾ ಬಂತು, ಆಯಿಲ್ ತೊಟ್ಟಿಕ್ಕಿಸುತ್ತಾ ನಿಂತಿತು. ಪಾಲಯ್ಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕೂತ. ತಿಪ್ಪಮ್ಮನಿಗೆ ಒಂದೇ ಚಿಂತೆ. ಇವನೂ ಒಲ್ಲೆ ಅಂದರೆ ಇನ್ನು ಯಾರು ಬರುತ್ತಾರೆ? ಕೂರಲಾರಳು, ನಿಲ್ಲಲಾರಳು. ಒಳಗೆ ಹೋದಳು, ಹೊರಗೆ ಬಂದಳು.

"ಓಬಾ, ಇಂಜಿನ್ನಿನ ಪ್ಲಗ್ ಹೋಗಿರಬೇಕು ಕಣೋ. ನಾಲ್ಕನ್ನೂ ಬದಲಾಯಿಸು, ಬೇಗ!"

ಬದಲಾಯಿಸಿದ. ಕಾರು ಮೊದಲಿಗಿಂತ ಜೋರಾಗಿ ಕೆಮ್ಮಿತು.

"ಏನೋ ಮಾಡ್ದೆ?"

"ಬದಲಾಯಿಸ್ದೆ ಕಣವ್ವಾ! ಒಂದನೇದು ನಾಲ್ಕಕ್ಕೆ, ನಾಲ್ಕನೇದು ಒಂದಕ್ಕೆ. ಎರಡನೇದು ಮೂರಕ್ಕೆ, ಮೂರನೇದು ಎರಡಕ್ಕೆ!"

"ಅಯ್ಯೋ ನನ್ನ ಕರ್ಮವೇ! ಹಳೇದನ್ನ ಬಿಸಾಕಿ ಆ ಜಾಗದಾಗೆ ಹೊಸದು ಇಡ್ಬೇಕೋ ಪೆದ್ದಾ!"

"ಆಗ್ಲವ್ವಾ!"

ಹೊಸ ಪ್ಲಗ್ಗುಗಳನ್ನು ತಿಪ್ಪಮ್ಮ ತಾನೇ ಹಾಕಿದಳು. "ನೀನು ಬಾಗಿಲಿಗೆ ಹೋಗು. ಪಾಲಯ್ಯನೋರ ಚಪ್ಪಲಿ ನೋಡ್ಕೋ, ನಾಯಿ ಕಚ್ಕೊಂಡು ಹೋದಾತು."

ಹೋದ. ನೋಡಿದ. ಬಂದ.

"ನೋಡ್ದೆ ಕಣವ್ವಾ, ಹಳೇವು! ಚರಂಡಿಗೆ ಬಿಸಾಕ್ದೆ. ಆ ಜಾಗದಾಗೆ ನಿನ್ನ ಹೊಸವು ಇಟ್ಟೆ!"

"ಅಯ್ಯೋ ಮುಂಡೇದೇ! ಬಂದೋರ ಸಾಮಾನು ಒಂದು ಚೂರೂ ಹಾಳಾಗ್ದಂಗೆ ಜೋಪಾನ ಮಾಡ್ಬೇಕು!"

"ಆಗ್ಲವ್ವಾ!"

ತಿಪ್ಪಮ್ಮ ಚರಂಡಿಗೆ ಓಡಿದಳು. ಚಪ್ಪಲಿ ಹೆಕ್ಕಿ ನಲ್ಲಿಯಡಿ ತಿಕ್ಕುತ್ತಾ ಅಲ್ಲಿಂದಲೇ ಕೂಗಿದಳು: "ಆಯಿಲ್ ಸೋರ್ತಾ ಐತಲ್ಲೋ, ಅದನ್ನಾದ್ರೂ ನೋಡು!"

ನೋಡಿದ. ಕಾಫಿಗೆ ಕಾಯಿಸಿಟ್ಟಿದ್ದ ಹಾಲಿನ ಪಾತ್ರೆ ತಂದು ಕಾರಿನಡಿ ಇಟ್ಟು ಕಾವಲು ಕೂತ. ಅವಳು ಬರುವ ಹೊತ್ತಿಗೆ ಹಾಲು ಕಪ್ಪಾಗಿತ್ತು.

"ಅವ್ವಾ, ಒಂದು ಹನೀನೂ ನೆಲಕ್ಕೆ ಬಿದ್ದಿಲ್ಲ. ಬಂದೋರ ಆಯಿಲ್ ಜೋಪಾನ!"

"ಹಿಡಿದಿಡೋದಲ್ವೋ! ಸೋರೋ ಜಾಗ ಹುಡುಕಿ, ರಬ್ಬರ್ ಪ್ಯಾಕಿಂಗ್ ಇಟ್ಟು, ಅಲ್ಲಾಡ್ದಂಗೆ ಬಿಗೀಬೇಕು!"

"ಆಗ್ಲವ್ವಾ!"

ಎಲ್ಲವನ್ನೂ ಕೂತಲ್ಲಿಂದಲೇ ನೋಡುತ್ತಿದ್ದ ಪಾಲಯ್ಯ ಎದ್ದು ಬಂದ. ಎಂಟನೆಯದೂ ಹೋಯಿತು ಅಂತ ತಿಪ್ಪಮ್ಮ ಸೆರಗು ಬಾಯಿಗಿಟ್ಟಳು.

"ತಿಪ್ಪಮ್ಮಾ," ಅಂದ ಪಾಲಯ್ಯ, "ನನ್ನ ಮಗಳಿಗೆ ಇಬ್ಬರಿಗಾಗೋ ಅಷ್ಟು ಬುದ್ಧಿ ಐತೆ. ಹೇಳಿದ್ದು ಕೇಳೋ ಗಂಡೇ ಸಿಕ್ಕಿರಲಿಲ್ಲ. ಇವನು ಕೇಳ್ತಾನೆ!"

ತಿಪ್ಪಮ್ಮನಿಗೆ ಕುಣಿಯಬೇಕು ಅನ್ನಿಸಿತು. ಪಾಲಯ್ಯ ಬಾಯಿಬಿಟ್ಟು ಒಂದು ಮಾತು ಕೊಟ್ಟರೆ ಮುಗಿಯಿತು! ಆದರೆ ಮಗಳನ್ನು ಕಳಿಸಿಕೊಡಬೇಕಲ್ಲ ಅಂತ ಅವನಿಗೆ ಅಳು ಬಂತು. ಕಣ್ಣು ತುಂಬಿತು, ಮೂಗು ಸೋರಿತು.

"ನನ್ನ ಕೂಸನ್ನ ನಿಮ್ಮ ಮನೆಗೆ ಕೊ..."

ಓಬಯ್ಯ ಎಗರಿ ಬಂದ. ರಬ್ಬರ್ ಪ್ಯಾಕಿಂಗನ್ನು ಪಾಲಯ್ಯನ ಮೂಗು ಬಾಯಿಗೆ ಒತ್ತಿದ, ಟವೆಲ್ ಸುತ್ತಿದ, ಹಿಂದಲೆಯಲ್ಲಿ ಗಂಟು ಹಾಕಿ ಮಂಡಿ ಕೊಟ್ಟು ಬಿಗಿದ.

"ಆಯ್ತು ಕಣವ್ವಾ! ಇನ್ನೇನೂ ಹೊರಗೆ ಬರಲ್ಲ!"