ಹೆಸರಿನ ಸಾಲು

ಶಿಷ್ಯನೊಬ್ಬ ಗುರುಗಳನ್ನು ಕೇಳಿದ.

"ನನ್ನ ಜೊತೆಗೇ ಮಠಕ್ಕೆ ಬಂದವನ ಪ್ರವಚನಗಳು ಅಚ್ಚಾಗಿ ಊರೂರಿಗೆ ಹೋಗುತ್ತಿವೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಆದರೆ ಅವನಿಗೆ ನಾನು ಒಂದು ಕೆಟ್ಟ ಮಾತನ್ನೂ ಆಡಿಲ್ಲ. ಕರಡು ತಿದ್ದಿಕೊಡು ಎಂದು ಬಂದರೆ ನಾಳೆ ನೋಡೋಣ ಎನ್ನುತ್ತೇನೆ, ಅಷ್ಟೆ. ನನ್ನೊಳಗೇ ಇರುವ ಉರಿಯಿಂದ ಯಾರಿಗೇನು ನಷ್ಟ?"

ಗುರುಗಳು ಒಂದು ಕಥೆ ಹೇಳಿದರು.

ಒಂದು ಆಸ್ಪತ್ರೆ. ಅಲ್ಲಿ ಇಬ್ಬರು ವೈದ್ಯರು, ಒಟ್ಟಿಗೆ ಓದಿದವರು. ಇಬ್ಬರಿಗೂ ಐಸಿಯುನಲ್ಲೇ ಕೆಲಸ. ಉಸಿರಿನ ಯಂತ್ರ ಹಾಕಿದವರನ್ನು ನೋಡಿಕೊಳ್ಳುವ ಕೆಲಸ. ಒಬ್ಬ ಕಂಡದ್ದನ್ನು ಬರೆಯುತ್ತಿದ್ದ. ಏನು ಮಾಡಿದಾಗ ಉಸಿರು ತಿರುಗಿತು, ಏನು ಮಾಡಿದರೂ ತಿರುಗಲಿಲ್ಲ, ಎಲ್ಲ ಬರೆಯುತ್ತಿದ್ದ. ವೈದ್ಯರ ಪತ್ರಿಕೆಗಳಲ್ಲಿ ಅವನ ಲೇಖನಗಳು ಒಂದರ ಹಿಂದೆ ಒಂದು ಬಂದವು. ದೂರದ ದೇಶದವರೂ ಅವನ ಹೆಸರು ಹೇಳತೊಡಗಿದರು. ಇನ್ನೊಬ್ಬ ಬರೆಯಲಿಲ್ಲ. ದುಡಿಮೆ ಅವನದೂ ಅಷ್ಟೇ ಇತ್ತು.

ಬರೆಯುವವನು ಒಮ್ಮೆ ಕರೆದ. "ಬಾರಯ್ಯ, ಸೇರಿ ಬರೆಯೋಣ."

"ಯಾರ ಹೆಸರು ಮೊದಲು?"

"ಶುರು ಮಾಡಿದವನು ನಾನು. ನನ್ನದು ಮೊದಲು, ನಿನ್ನದು ಆಮೇಲೆ."

"ಹಾಗಾದರೆ ನೀನೇ ಬರಕೋ."

ಅಂದಿನಿಂದ ಬರೆಯದವನಿಗೆ ಒಂದು ಚಾಳಿ ಹತ್ತಿತು. ಗೆಳೆಯನ ಲೇಖನ ಬಂತೆಂದರೆ ತೆರೆಯುತ್ತಿದ್ದ. ತಲೆಬರಹದ ಕೆಳಗಿನ ಹೆಸರಿನ ಸಾಲು ಓದುತ್ತಿದ್ದ. ಮುಚ್ಚುತ್ತಿದ್ದ. ಆ ದಿನ ಮನೆಯಲ್ಲಿ ಊಟ ಸೇರುತ್ತಿರಲಿಲ್ಲ.

ಹೆಂಡತಿ ನಗುತ್ತಿದ್ದಳು. "ಬರೀ ಹೆಸರು ಓದಿ ಯಾಕ್ರೀ ಮೂತಿ ಊದಿಸ್ಕೋತೀರಿ? ಒಳಗೇನು ಬರ್ದಿದಾರೆ, ಒಂದ್ಸಲ ಪೂರ್ತಿ ಓದಿ. ಆಮೇಲೆ ಬೇಕಾದ್ರೆ ಊದಿಸ್ಕೊಳ್ಳಿ."

ಅವನು ಓದಲಿಲ್ಲ.

ಒಂದು ಮಳೆಗಾಲದಲ್ಲಿ ಆ ಹೆಂಡತಿಗೇ ಜ್ವರ ಬಂತು. ಜ್ವರ ಎದೆಗಿಳಿಯಿತು. ಅದೇ ಐಸಿಯುಗೆ ತಂದರು. ಯಂತ್ರ ಹಾಕಿದರು.

ಆಗ ಬರೆಯುವವನು ಒಂದು ಹೊಸ ಚಿಕಿತ್ಸೆಯನ್ನು ಪರೀಕ್ಷಿಸುತ್ತಿದ್ದ. ಅದನ್ನು ಯಂತ್ರ ಹಾಕಿದ ದಿನವೇ ಶುರು ಮಾಡಬೇಕು. ಮಾರನೆಯ ದಿನಕ್ಕೆ ಅದು ನಾಟದು. ರೋಗಿಗೆ ಎಚ್ಚರವಿರುವುದಿಲ್ಲ. ಆದ್ದರಿಂದ ಮನೆಯವರು ಒಪ್ಪಿ ಸಹಿ ಮಾಡಬೇಕು. ಸಹಿ ಇಲ್ಲದೆ ಮುಟ್ಟುವಂತಿಲ್ಲ. ಸಹಿಯಾದರೆ ಆ ರೋಗಿ ಲೇಖನದ ಲೆಕ್ಕಕ್ಕೆ ಸೇರುತ್ತಾಳೆ. ಅಲ್ಲಿಯ ನಿಯಮ ಅದು.

ಬರೆಯುವವನು ಕಾಗದ ಹಿಡಿದು ಬಂದ. ಪೆನ್ನು ಮುಂದೆ ಚಾಚಿದ.

ಗಂಡ ಕೇಳಿದ, "ನನ್ನ ಹೆಂಡತಿಯೂ ಬೇಕಾಯಿತೇನಯ್ಯ ನಿನ್ನ ಲೇಖನಕ್ಕೆ?"

"ಲೇಖನ ಹಾಳಾಗಿ ಹೋಗಲಿ ಮಾರಾಯ. ಉಳಿದರೂ ಉಳಿದಾಳು. ಮೊದಲು ಸಹಿ ಮಾಡು."

ಗಂಡ ಪೆನ್ನು ತೆಗೆದುಕೊಂಡ. ಹಾಸಿಗೆಯ ಕಡೆ ನೋಡಿದ. ಇವಳು ಎದ್ದು ಕುಳಿತರೆ ಜನ ಏನನ್ನುತ್ತಾರೆ? ಇವನ ಹೆಂಡತಿಯನ್ನೂ ಅವನೇ ಉಳಿಸಿದ ಎನ್ನುತ್ತಾರೆ. ಅದು ನಾಳೆ ಅಚ್ಚಾಗುತ್ತದೆ. ಮೇಲೆ ಅವನ ಹೆಸರಿರುತ್ತದೆ.

ನನಗೂ ವಿದ್ಯೆ ಬರುತ್ತದೆ, ನಾನೇ ಉಳಿಸಿಕೊಳ್ಳುತ್ತೇನೆ ಅಂದುಕೊಂಡ.

ಪೆನ್ನು ವಾಪಸು ಕೊಟ್ಟ. "ನಾಳೆ ನೋಡೋಣ" ಅಂದ.

ತನಗೆ ಬಂದದ್ದನ್ನೆಲ್ಲ ಮಾಡಿದ. ಅವಳ ಉಸಿರು ಇಳಿಯುತ್ತಲೇ ಹೋಯಿತು. ಬೆಳಗಾದ ಮೇಲೆ ಅವನೇ ಓಡಿಹೋಗಿ ಪೆನ್ನು ಕೇಳಿದ. ಬರೆಯುವವನು ಪೆನ್ನು ಕೊಡಲಿಲ್ಲ. ಕೈ ಹಿಡಿದುಕೊಂಡ. ಆ ಸಂಜೆ ಅವಳು ಹೋದಳು.

ವರ್ಷ ಕಳೆದು ಲೇಖನ ಬಂತು. ಗಂಡ ಅದನ್ನು ತೆರೆದ. ಹೆಸರಿನ ಸಾಲಿನಲ್ಲಿ ನಿಲ್ಲಲಿಲ್ಲ. ಅವಳು ಹೇಳಿದ್ದಂತೆ ಪೂರ್ತಿ ಓದಿದ. ಅಂಥ ಲೇಖನಗಳಲ್ಲಿ ರೋಗಿಗಳಿಗೆ ಹೆಸರಿರುವುದಿಲ್ಲ. ವಯಸ್ಸು ಇರುತ್ತದೆ. ಗಂಡೋ ಹೆಣ್ಣೋ ಎಂದಿರುತ್ತದೆ. ಬದುಕಿದರೋ ಇಲ್ಲವೋ ಎಂದಿರುತ್ತದೆ. ಬಹಳ ಜನ ಬದುಕಿದ್ದರು. ಅವಳ ವಯಸ್ಸಿನ ಹೆಂಗಸರೂ ಇದ್ದರು. ಅವನು ಬೆರಳಿಟ್ಟು ಒಬ್ಬೊಬ್ಬರನ್ನೇ ನೋಡಿದ. ಅವರಲ್ಲಿ ಅವಳು ಇರಲಿಲ್ಲ.

ಗುರುಗಳು ಅಷ್ಟಕ್ಕೇ ನಿಲ್ಲಿಸಿದರು.

ಶಿಷ್ಯನಿಗೆ ತಡೆಯಲಾಗಲಿಲ್ಲ. "ಅಲ್ಲಿಗಾದರೂ ಅವನ ಹೊಟ್ಟೆಕಿಚ್ಚು ಆರಿತೇ ಗುರುಗಳೇ?"

"ಎಲ್ಲಿಯದು? ಈಗ ಅವನಿಗೆ, ಆ ಲೇಖನದಲ್ಲಿ ಬದುಕಿ ಮನೆಗೆ ಹೋದ ಹೆಂಗಸರ ಗಂಡಂದಿರನ್ನು ನೆನೆದರೆ ಉರಿಯುತ್ತದೆ."