ಮುಂಜಾನೆಯ ಹೊಗೆ

ಹೊಳೆದಂಡೆಯ ಮಠಕ್ಕೆ ಬರುವ ಮೊದಲು ಫಕೀರಯ್ಯಜ್ಜ ಹೆದ್ದಾರಿಯ ಬದಿಯಲ್ಲಿ ಮೋಟಾರ್ ಸೈಕಲ್ ರಿಪೇರಿ ಮಾಡುತ್ತಿದ್ದರು. ಕಾವಿ ಉಟ್ಟ ಮೇಲೂ ಅವರ ಉಗುರಿನ ಸಂದಿಯ ಕಪ್ಪು ಪೂರ್ತಿ ಹೋಗಿರಲಿಲ್ಲ. ಯಾರಾದರೂ ಅದನ್ನೇ ನೋಡುತ್ತಿದ್ದರೆ, "ಇರಲಿ ಬಿಡ್ರಿ, ಅದೂ ವಿಭೂತಿನ" ಎನ್ನುತ್ತಿದ್ದರು.

ಯಂಕೋಬ ಅವರ ಶಿಷ್ಯ. ಹೆಂಡತಿ ಹುಲಿಗೆವ್ವ ತೀರಿಕೊಂಡ ಮೇಲೆ, ಮಗಳನ್ನು ಅತ್ತೆಯ ಮನೆಯಲ್ಲಿ ಬಿಟ್ಟು, ಮದುವೆಯಾದ ಹೊಸದರಲ್ಲಿ ಕೊಂಡಿದ್ದ ಮೋಟಾರ್ ಸೈಕಲ್ ಏರಿ ಮಠಕ್ಕೆ ಬಂದಿದ್ದ. ಬಂದವನು ಅಲ್ಲೇ ಉಳಿದ. ಅಜ್ಜನನ್ನು ಹಿಂದೆ ಕೂರಿಸಿಕೊಂಡು ಭಕ್ತರ ಊರುಗಳಿಗೆ ಕರೆದೊಯ್ಯುವುದೇ ಅವನ ಸೇವೆ.

ಆ ಗಾಡಿಗೂ ಈಗ ವಯಸ್ಸಾಗಿತ್ತು. ಆಯಿಲ್ ಕುಡಿಯತೊಡಗಿತ್ತು.

"ಎಷ್ಟು ಹಾಕಿದ್ರೂ ಸಾಲವಲ್ದ್ರಿ ಅಜ್ಜಾರ," ಎಂದ ಯಂಕೋಬ. "ಸೋರಾಕತ್ತೈತೇನು ಅಂತ ರಾತ್ರಿ ತಳದಾಗ ಪೇಪರ್ ಹಾಸಿ ನೋಡಿದೆ. ಒಂದು ಹನಿ ಬಿದ್ದಿಲ್ಲ. ಪ್ಯಾಟಿಗೆ ಒಯ್ದು ತೋರಿಸಿದ್ರ, ಹೊಗಿ ಇಲ್ಲ ಏನಿಲ್ಲ, ಗಾಡಿ ಛಲೋ ಐತಿ ಅಂತಾರ."

"ಹಂಗಾರ ಆಯಿಲ್ ಎಲ್ಲಿ ಹೋಗ್ತೈತಿ?"

"ಅದನ್ನ ನಿಮಗ ಕೇಳಾಕ ಬಂದೀನ್ರಿ."

"ನನಗ್ಯಾಕ ಕೇಳ್ತಿ? ಗಾಡಿಗೆ ಕೇಳು."

ಆದರೂ ಪೂಜೆ ಮುಗಿಸಿ ಅಜ್ಜ ಗಾಡಿ ನೋಡಲು ಬಂದರು. ಎಂಜಿನ್ ಆಗಲೇ ಓಡುತ್ತಿತ್ತು. ಸೈಲೆನ್ಸರಿನ ಹತ್ತಿರ ಬಗ್ಗಿ ನೋಡಿದರು. ಹೊಗೆ ಇರಲಿಲ್ಲ. ಹಿಂದೆ ಕೂತು, ಗುಡ್ಡದ ಏರಿನಲ್ಲಿ ಜೋರಾಗಿ ಓಡಿಸು ಎಂದರು. ಏರಿನುದ್ದಕ್ಕೂ ತಿರುಗಿ ತಿರುಗಿ ನೋಡುತ್ತಲೇ ಇದ್ದರು.

"ಪಿಸ್ಟನ್ ರಿಂಗ್ ಸವೆದಿದ್ರ ಇಲ್ಲಿ ಹೊಗಿ ಬಿಡಬೇಕಿತ್ತು," ಎಂದರು. "ರಿಂಗ್ ಅಲ್ಲ ಬಿಡು."

ಮರುದಿನ ಮತ್ತೆ ಬಂದರು. ಅಂದೂ ಎಂಜಿನ್ ಓಡುತ್ತಿತ್ತು, ಅಂದೂ ಹೊಗೆಯಿಲ್ಲ. ಅಜ್ಜ ಎಂಜಿನ್ನಿನ ಹತ್ತಿರ ಕೈ ಒಯ್ದು ತಟ್ಟನೆ ಹಿಂದೆಗೆದುಕೊಂಡರು.

"ಇದನ್ನ ಯಾವಾಗ ಚಾಲೂ ಮಾಡಿದಿ?"

"ನೀವು ಬರೂದ್ರೊಳಗ ಮಾಡಿಟ್ಟಿರ್ತೀನ್ರಿ. ತಣ್ಣಗಿದ್ದಾಗ ಭಾಳ ಸತಾಯಿಸ್ತೈತಿ. ನಿಮ್ಮನ್ನ ಕಾಯಿಸಬಾರದು ಅಂತ, ಬಿಸಿ ಆಗೂ ತನಕ ಓಡಿಸಿ ಇಟ್ಟಿರ್ತೀನಿ."

ಅಜ್ಜ ನಕ್ಕರು. "ನಿನ್ನ ಭಕ್ತಿ ನನ್ನ ಕಣ್ಣಿಗೆ ಬಟ್ಟಿ ಕಟ್ಟೈತಲ್ಲೋ ಮಾರಾಯ."

ಅದರ ಮರುದಿನ ಯಂಕೋಬ ಎದ್ದು ಬಂದಾಗ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಅಜ್ಜ ಗಾಡಿಯ ಹಿಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ಯಂಕೋಬನಿಗೆ ಗಾಬರಿಯಾಯಿತು.

"ಮಠದಾಗ ಕುಂದರ್ರಿ ಅಜ್ಜಾರ. ಬಿಸಿ ಮಾಡಿ ಕರೀತೀನಿ."

"ಬ್ಯಾಡ. ಕಿಕ್ ಹೊಡಿ."

ಯಂಕೋಬ ಕಿಕ್ ಹೊಡೆದ. ಮತ್ತೆ ಹೊಡೆದ. ಕೆಮ್ಮಿ ಕೆಮ್ಮಿ ಕೊನೆಗೆ ಎಂಜಿನ್ ಹತ್ತಿಕೊಂಡಿತು.

"ಈಗ ಹಿಂದ ಬಾ."

ಬಂದು ನೋಡಿದ. ಸೈಲೆನ್ಸರಿನಿಂದ ನೀಲಿ ಹೊಗೆ ದಟ್ಟವಾಗಿ ಹೊರಬಿದ್ದು ಹೊಳೆಯ ಕಡೆ ಸರಿಯುತ್ತಿತ್ತು.

"ಇದು ಹೊಳಿ ಮಂಜು ಅಂದ್ಕೊಂಡಿದ್ದೆನಲ್ರಿ."

ಅಜ್ಜ ತಮ್ಮ ಶಲ್ಯದ ಅಂಚನ್ನು ಹೊಗೆಗೆ ಹಿಡಿದು ಅವನ ಮೂಗಿನ ಹತ್ತಿರ ತಂದರು. ಸುಟ್ಟ ಎಣ್ಣೆಯ ವಾಸನೆ.

"ದಿನಾ ಕಿಕ್ ಹೊಡಿಯಾಂವ ನಾನ. ನನಗ ಕಾಣಲಿಲ್ಲಲ್ರಿ."

"ನೀ ಮುಂದ ಇದ್ದಿ."

ಅಷ್ಟರಲ್ಲಿ ಎಂಜಿನ್ ಕಾವೇರಿತು. ಹೊಗೆ ತೆಳುವಾಯಿತು, ಆಮೇಲೆ ನಿಂತೇ ಹೋಯಿತು.

"ಈಗ ಯಾರಿಗೆ ತೋರಿಸಿದ್ರೂ ಛಲೋ ಐತಿ ಅಂತಾರ," ಎಂದರು ಅಜ್ಜ.

"ಏನಾಗೇತ್ರಿ ಇದಕ್ಕ?"

"ಮ್ಯಾಲ ವಾಲ್ವಿಗೆ ಒಂದು ಸಣ್ಣ ರಬ್ಬರ್ ಸೀಲ್ ಇರ್ತೈತಿ. ವಯಸ್ಸಾದಂಗ ಬಿರುಸಾಗ್ತೈತಿ. ಗಾಡಿ ನಿಂತಾಗ ಅದರ ಸಂದ್ಯಾಗಿಂದ ಆಯಿಲ್ ಹನಿಹನಿ ಒಳಗ ಇಳಿತೈತಿ. ಹೊರಗ ಸೋರಿದ್ರ ನಿನ್ನ ಪೇಪರಿಗೆ ಸಿಗತಿತ್ತು. ಇದು ರಾತ್ರಿಯೆಲ್ಲ ಒಳಗ ಇಳಿದು ಮುಂಜಾನೆ ಸುಡ್ತೈತಿ. ಮಂದಿ ನೋಡೂದ್ರೊಳಗ ಸುಟ್ಟು ಮುಗಿದಿರ್ತೈತಿ."

ಯಂಕೋಬ ಎಂಜಿನ್ ಬಂದ್ ಮಾಡಿದ. ಗಾಡಿಯ ಪಕ್ಕ ನೆಲದ ಮೇಲೆ ಕೂತ.

"ಆಕಿನೂ ಹಿಂಗ ಇದ್ಲ್ರಿ," ಎಂದ.

ಯಾರು ಎಂದು ಅಜ್ಜ ಕೇಳಲಿಲ್ಲ.

"ನಾ ಏಳೂದ್ರೊಳಗ ಹುಲಿಗೆವ್ವ ಮುಖ ತೊಳಕೊಂಡು, ಕುಂಕುಮ ಹಚ್ಕೊಂಡು, ಚಾಕ್ಕ ಇಟ್ಟಿರ್ತಿದ್ಲು. ಹೆಂಗದಿ ಅಂದ್ರ, ನನಗೇನಾಗೇತಿ ಅನ್ನಾಕಿ. ದವಾಖಾನಿಯಾಗ ಡಾಕ್ಟರು ನನಗ ಬೈದ್ರು, ಇಷ್ಟು ದಿನ ಏನ್ ಮಾಡ್ತಿದ್ದಿ ಅಂತ. ಎಲ್ಲಾ ಮುಗಿದ ಮ್ಯಾಲ ಬಾಜೂ ಮನಿ ಮುದುಕಿ ಹೇಳಿದ್ಲು. ದಿನಾ ನಸುಕಿನ್ಯಾಗ ಹಿತ್ತಲದಾಗ ಕುಂತು ರಕ್ತ ಕಾರ್ತಿದ್ಲಂತ."

ಅವನು ಬೆರಳಿನಿಂದ ಮಣ್ಣು ಕೆದಕಿದ. "ನನಗ ಒಂದು ಮಾತು ಹೇಳಲಿಲ್ಲಲ್ರಿ ಅಜ್ಜಾರ. ಆ ಸಿಟ್ಟು ಇನ್ನೂ ಹೋಗವಲ್ದು."

ಸತ್ತವರ ಮೇಲೆ ಸಿಟ್ಟು ಇಟ್ಟುಕೊಂಡು ಬದುಕುವುದು ಬಲು ಕಷ್ಟ. ಜಗಳಾಡಿ ತೀರಿಸಿಕೊಳ್ಳೋಣ ಎಂದರೆ ಎದುರಿಗೆ ಯಾರೂ ಇರುವುದಿಲ್ಲ. ಯಂಕೋಬ ಗಾಡಿಯ ಚಕ್ರಕ್ಕೆ ತಲೆ ಆನಿಸಿ ಅತ್ತ. ಅಜ್ಜ ಅವನ ಪಕ್ಕದಲ್ಲೇ ಮಣ್ಣಿನಲ್ಲಿ ಕೂತರು, ಅಷ್ಟೇ.

ಅಳು ನಿಂತ ಮೇಲೆ ಕೇಳಿದರು.

"ನಿನ್ನ ಮಗಳು ದುರುಗಿ ಹೆಂಗದಾಳ?"

"ಆರಾಮ ಅದಾಳ್ರಿ. ಅಮಾಸಿಗೊಮ್ಮೆ ಹೋಗಿ ನೋಡಿ ಬರ್ತೀನಲ್ಲ. ಹೆರಳು ಹಾಕ್ಕೊಂಡು, ಹೊಸ ಲಂಗಾ ಉಟ್ಕೊಂಡು ಬಾಗಲದಾಗ ನಿಂತಿರ್ತಾಳ. ನನ್ನ ನೋಡಿ ನಗ್ತಾಳ. ಹೆಂಗದಿ ಅಂದ್ರ..."

ಯಂಕೋಬ ತಲೆ ಎತ್ತಿ ಅಜ್ಜನನ್ನು ನೋಡಿದ.

"ಅಂದ್ರ?"

"ನನಗೇನಾಗೇತಿ ಅಂತಾಳ್ರಿ."

ಹೊಳೆಯ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಆರುತ್ತಿದ್ದ ಎಂಜಿನ್ ಟಿಕ್ ಟಿಕ್ ಎನ್ನುತ್ತಿತ್ತು.

"ನೀ ಬರೂದು ಆಕಿಗೆ ಹೆಂಗ ಗೊತ್ತಾಗ್ತೈತಿ?"

"ಹಿಂದಿನ ದಿನ ಫೋನ್ ಮಾಡಿ ಹೇಳಿರ್ತೀನ್ರಿ."

"ರಾತ್ರಿ ಇರ್ತೀಯೇನು?"

"ಇಲ್ರಿ. ಸಂಜಿಕ ಹೊಳ್ಳಿ ಬರ್ತೀನಿ. ಮುಂಜಾನೆ ನಿಮ್ಮ ಸೇವಾ ಇರ್ತೈತಲ್ರಿ."

ಅಜ್ಜ ಎದ್ದು ಮಠದೊಳಗೆ ಹೋದರು. ಹೊರಗೆ ಬಂದಾಗ ಕೈಯಲ್ಲಿ ನಟ್ಟು ಬಿಚ್ಚುವ ಹಳೆಯ ಪಾನಾಗಳ ಗಂಟು ಇತ್ತು. ಅದನ್ನು ಗಾಡಿಯ ಪಕ್ಕದಲ್ಲಿ ಬಿಚ್ಚಿದರು.

"ಸೀಲ್ ನಾ ಹಾಕ್ತೀನಿ. ನೀ ಬಸ್ಸಿಗೆ ಹೋಗು."

ಯಂಕೋಬ ಕಣ್ಣು ಒರೆಸಿಕೊಂಡ. ಅಂಗಿಯ ಕಿಸೆಯಿಂದ ಫೋನ್ ತೆಗೆದು ಅತ್ತೆಯ ನಂಬರ್ ಹುಡುಕತೊಡಗಿದ. ಅಜ್ಜ ಕೈ ಚಾಚಿ ಅದನ್ನು ಇಸಿದುಕೊಂಡು ತಮ್ಮ ಜೋಳಿಗೆಗೆ ಹಾಕಿದರು.

ಯಂಕೋಬ ಬರಿಗೈಯಲ್ಲಿ ನಿಂತ. "ನಾ ಹೊಳ್ಳಿ ಯಾವಾಗ ಬರಲ್ರಿ ಅಜ್ಜಾರ?"

ಅಜ್ಜ ಆಗಲೇ ಎಂಜಿನ್ನಿನ ನಟ್ಟು ಬಿಚ್ಚುತ್ತಿದ್ದರು. ತಲೆ ಎತ್ತಲಿಲ್ಲ.

"ಬರೂ ಮಾತು ಆಮ್ಯಾಲ. ಮೊದಲ, ದುರುಗಿ ಏಳೂದ್ರೊಳಗ ಎದ್ದು ಹಿತ್ತಲದಾಗ ಕುಂತಿರು."